ಹುಳದ ಮನೆಯ ಹುಡುಗಿಯ ಇಂಟರ್‌ವ್ಯೂ

ಮೊನ್ನೆ ಬೆಳಿಗ್ಗೆ ಹಾಲು ಹಾಕುವ ಸರೋಜಮ್ಮ ಪಾತ್ರೆಗೆ ಹಾಲು ಸುರಿಯುತ್ತಾ, "ಪಾಪು ಹೆಂಗ್ ಓದ್ತಾಳಕ್ಕಾ?" ಎಂದು ಕೇಳಿದಳು. "ಏನೋ ಓದ್ತಾಳೆ ಕಣಮ್ಮ" ಎಂದೆ. ಪಾತ್ರೆ ಹಿಡಿದು ಒಳಗೆ ಬಂದರೆ ಮಗಳು ಅಡುಗೆಮನೆ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಹಿಂದಿನ ದಿನವಷ್ಟೇ ಶಾಲೆಯಲ್ಲಿ ಅವಳ ಹೆಸರು ಕೂಗಿ ಎಲ್ಲರ ಕೈಲೂ ಚಪ್ಪಾಳೆ ತಟ್ಟಿಸಿದ್ದರು.

"ಏನೋ ಓದ್ತಾಳಾ? ಅಮ್ಮ, ನಾನು ಫಸ್ಟು! ಕ್ಲಾಸಿಗೇ ಫಸ್ಟ್ ಬಂದೋಳಿಗೆ ಏನೋ ಓದ್ತಾಳೆ ಅಂತಾರಾ ಯಾರಾದ್ರೂ?"

ಅವತ್ತು ರಾತ್ರಿ ಅವಳು ಮುಖ ಊದಿಸಿಕೊಂಡೇ ಮಲಗಿದಳು. ಅವಳ ಸಿಟ್ಟು ನ್ಯಾಯವಾದದ್ದೇ. ಆದರೆ ಏನು ಮಾಡಲಿ, ನನ್ನ ಬಾಯಿಂದ ಬೇರೆ ಉತ್ತರ ಹೊರಡುವುದೇ ಇಲ್ಲ. ಹೊಸ ಸೀರೆ ಉಟ್ಟಾಗ ಯಾರಾದರೂ ಚೆನ್ನಾಗಿದೆ ಎಂದರೆ "ಏನೋ ಇದೆ" ಎನ್ನುತ್ತೇನೆ. ಗಂಡನ ಆರೋಗ್ಯ, ಸಾರಿನ ರುಚಿ, ಕಟ್ಟಿಸಿದ ಮನೆ, ಎಲ್ಲಕ್ಕೂ ಅದೇ ಉತ್ತರ. "ನಿನ್ನ ಮಾತು ಕೇಳಿದೋರು ನಾನು ಆಸ್ಪತ್ರೇಲಿ ಮಲಗಿದೀನಿ ಅಂದ್ಕೋಬೇಕು" ಎಂದು ನನ್ನ ಗಂಡ ಗೊಣಗುವುದುಂಟು. ಇವರಿಬ್ಬರ ಸಿಟ್ಟು ಹಾಗಿರಲಿ, ಇದೇ ಉತ್ತರ ಹಿಂದೊಮ್ಮೆ ನನ್ನ ಬದುಕನ್ನೇ ತಿಂದು ಹಾಕುವುದರಲ್ಲಿತ್ತು. ಅದನ್ನು ನೆನೆಸಿಕೊಂಡರೆ ಇಷ್ಟು ವರ್ಷದ ಮೇಲೂ ನನಗೆ ಮೈ ಉರಿಯುತ್ತದೆ. ಉರಿ ಉತ್ತರದ ಮೇಲಲ್ಲ, ಪ್ರಶ್ನೆ ಕೇಳಿದವರ ಮೇಲೆ.

ನಾನು ಹುಟ್ಟಿ ಬೆಳೆದದ್ದು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ, ರೇಷ್ಮೆ ಹುಳ ಸಾಕುವವರ ಮನೆಯಲ್ಲಿ. ನಮ್ಮ ಮನೆ ಎನ್ನುವುದೂ ಪೂರ್ತಿ ನಿಜವಲ್ಲ. ಮನೆ ಹುಳಗಳದ್ದು, ನಾವು ಅವುಗಳ ಪಡಸಾಲೆಯಲ್ಲಿ ಇರುತ್ತಿದ್ದೆವು. ಹುಳ ಇರುವಷ್ಟು ದಿನ ಸಾರಿಗೆ ಒಗ್ಗರಣೆ ಇಲ್ಲ, ಆ ಘಾಟು ಹುಳಕ್ಕೆ ಆಗದು. ತಲೆಗೆ ವಾಸನೆಯ ಎಣ್ಣೆ ಹಚ್ಚಿಕೊಂಡವರು, ಮುಖಕ್ಕೆ ಪೌಡರ್ ಬಳಿದುಕೊಂಡವರು ಒಳಗೆ ಕಾಲಿಡುವಂತಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು, ಹೊಸಿಲಾಚೆ ಸುಣ್ಣದ ಪುಡಿ. ನನಗೆ ಜ್ವರ ಬಂದರೆ ಒಂದು ಮಾತ್ರೆ ಕೊಟ್ಟು ಮಲಗಿಸುತ್ತಿದ್ದರು. ಹುಳ ಜ್ವರಕ್ಕೆ ಹೋದರೆ, ಅಂದರೆ ಪೊರೆ ಬಿಡಲಿಕ್ಕೆಂದು ತಿನ್ನುವುದು ನಿಲ್ಲಿಸಿ ಮಲಗಿದರೆ, ಮನೆಯಲ್ಲಿ ಯಾರೂ ಜೋರಾಗಿ ಕೆಮ್ಮುವಂತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಬಾಯಿಯದು. ಹುಳ ಚೆನ್ನಾಗಿದೆ ಎಂದು ಯಾರೂ ಯಾರ ಮುಂದೆಯೂ ಹೇಳಬಾರದು. ಗೂಡು ಕಟ್ಟಿ, ಬಿಡಿಸಿ, ಮಾರುಕಟ್ಟೆಗೆ ಹೋಗಿ ತೂಕವಾಗುವ ತನಕ ಬೆಳೆ ನಮ್ಮದಲ್ಲ. ಅಷ್ಟರೊಳಗೆ ಚೆನ್ನಾಗಿದೆ ಎಂದರೆ ದೃಷ್ಟಿಯಾಗುತ್ತದೆ, ಒಂದೇ ದಿನದಲ್ಲಿ ಹುಳ ಸಾಕುವ ತಟ್ಟೆಗೆ ತಟ್ಟೆಯೇ ಕೊಳೆತು ತಿಪ್ಪೆಗೆ ಹೋಗುತ್ತದೆ. ಪಕ್ಕದ ಮನೆಯ ಗೌರಮ್ಮ ದಿನಾ ಬೆಳಿಗ್ಗೆ ಹಿತ್ತಲಿನ ಗೋಡೆಯಾಚೆಯಿಂದ ಕತ್ತು ಚಾಚಿ, "ಹುಳ ಹೆಂಗವೆ ಅಕ್ಕಾ?" ಎಂದು ಕೇಳುತ್ತಿದ್ದಳು. ಅಮ್ಮ ತಲೆಯೆತ್ತದೆ, "ಏನೋ ಅವೆ ಕಣಮ್ಮ" ಎನ್ನುತ್ತಿದ್ದಳು. ಅಷ್ಟೇ ಮಾತು.

ಬೆಳೆ ಕೆಟ್ಟಾಗ ಮಾತ್ರ ಅಮ್ಮನ ಬಾಯಿ ಬಿಚ್ಚಿಕೊಳ್ಳುತ್ತಿತ್ತು. "ಏನ್ ಹೇಳ್ಲಿ ಗೌರಮ್ಮ, ಮೂರ್ನೇ ಜ್ವರ ಏಳೋವರ್ಗೂ ನೆಟ್ಟಗೇ ಇದ್ವು, ಆಮ್ಯಾಕೆ ಆ ಮೋಡ ಮುಚ್ಕೊಂತಲ್ಲ, ಸೊಪ್ಪೆಲ್ಲ ಒದ್ದೆ, ನಾನು ಬೇಡ ಅಂದೆ, ಇವ್ರು ಕೇಳ್ಲಿಲ್ಲ, ಮೊಟ್ಟೆ ಕೊಟ್ಟೋನೂ ಸರಿಯಾಗಿಲ್ಲ..." ಎಂದು ಶುರುವಾದರೆ ಒಲೆಯ ಮೇಲಿನ ಅನ್ನ ಸೀದ ವಾಸನೆ ಬರುವವರೆಗೆ ನಡೆಯುತ್ತಿತ್ತು. ಹಾಗಾಗಿ ಗೌರಮ್ಮನಿಗೆ ಎಲ್ಲವೂ ಗೊತ್ತಾಗುತ್ತಿತ್ತು. ಅಮ್ಮ ಹೆಚ್ಚು ಮಾತಾಡಿದಷ್ಟೂ ಬೆಳೆ ಕೆಟ್ಟಿದೆ. ಒಂದೇ ಮಾತಿನಲ್ಲಿ ಮುಗಿಸಿದರೆ ಈ ಸಲ ಒಳ್ಳೇ ಗೂಡು. "ಏನೋ ಅವೆ" ಎಂದು ಕೇಳಿದ ದಿನ ಗೌರಮ್ಮ ಹೊಟ್ಟೆ ಉರಿಸಿಕೊಂಡು ತನ್ನ ಹುಳದ ತಟ್ಟೆ ನೋಡಲು ಓಡುತ್ತಿದ್ದಳು. ಗೌರಮ್ಮನನ್ನು ಅಮ್ಮ ಕೇಳಿದಾಗ ಅವಳೂ ಹಾಗೆಯೇ ಹೇಳುತ್ತಿದ್ದಳು, ಅಮ್ಮನೂ ಹಾಗೆಯೇ ಉರಿದುಕೊಳ್ಳುತ್ತಿದ್ದಳು. ಇಡೀ ಊರು ಹೀಗೆ ಮಾತಾಡುತ್ತಿತ್ತು, ಯಾರಿಗೂ ಯಾವ ಗೊಂದಲವೂ ಇರಲಿಲ್ಲ.

ಗೊಂದಲ ಶುರುವಾದದ್ದು ನಾನು ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ ಕೆಲಸ ಹುಡುಕಲು ಹೊರಟಾಗ. ಆಗ ನಮ್ಮದಿನ್ನೂ ಕೋಲಾರ ಜಿಲ್ಲೆ. ಊರೂರಲ್ಲೂ ರಕ್ತ ಪರೀಕ್ಷೆಯ ಅಂಗಡಿಗಳು ಹೊಸದಾಗಿ ಬಾಗಿಲು ತೆರೆಯುತ್ತಿದ್ದವು. ಕೋರ್ಸಿನಲ್ಲಿ ಯಾರ ಕೈಗೂ ಸಿಗದ ನರ ನನ್ನ ಬೆರಳಿಗೆ ಸಿಗುತ್ತಿತ್ತು. ಸಣ್ಣ ಮಕ್ಕಳು, ಒಣಗಿದ ಕೈಯ ಮುದುಕರು ಬಂದರೆ "ಮಂಜುಳನ್ನ ಕರೀರಿ" ಎನ್ನುತ್ತಿದ್ದರು. ನೋಡಿ, ಇದನ್ನು ಬರೆಯುವಾಗಲೂ ನನಗೆ ಒಳಗೊಳಗೇ ಅಳುಕು. ಇರಲಿ, ಮನೆಯಲ್ಲಿ ಉಪ್ಪು ಮೆಣಸಿನಕಾಯಿ ಇದೆ, ಆಮೇಲೆ ನಿವಾಳಿಸಿಕೊಂಡರಾಯಿತು.

ಮೊದಲ ಇಂಟರ್‌ವ್ಯೂ ಚಿಕ್ಕಬಳ್ಳಾಪುರದಲ್ಲಿ. ಅಮ್ಮ ಪೆಟ್ಟಿಗೆಯಿಂದ ತನ್ನ ಕಾಟನ್ ಸೀರೆ ತೆಗೆದುಕೊಟ್ಟಿದ್ದಳು. ಅದಕ್ಕೆ ನುಸಿಗುಳಿಗೆಯ ವಾಸನೆ. ಬಸ್ಸಿನಲ್ಲಿ ಪಕ್ಕದವರು ಎರಡು ಸಲ ಮೂಗು ಒರೆಸಿಕೊಂಡರು. ಲ್ಯಾಬಿನ ಮಾಲೀಕರು ದಪ್ಪ ಕನ್ನಡಕದವರು, ನನ್ನ ಮಾರ್ಕ್ಸ್ ಕಾರ್ಡ್ ಕೈಯಲ್ಲಿದ್ದರೂ ಅದನ್ನು ನೋಡದೆ ನನ್ನನ್ನು ನೋಡಿದರು.

"ಯಾವ ಊರಮ್ಮ?"

ಹೇಳಿದೆ.

"ಮನೆದೇವ್ರು ಯಾವುದು?"

ಅದನ್ನೂ ಹೇಳಿದೆ. ಹೇಳಿದ ಮೇಲೆಯೇ ಅವರಿಗೆ ಬೇಕಾದದ್ದು ದೇವರಲ್ಲ, ನಮ್ಮ ಜಾತಿ ಎಂದು ಹೊಳೆದದ್ದು. ನಾನು ಹೋದದ್ದು ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ. ರಕ್ತಕ್ಕೆ ಇರುವುದು ಎ, ಬಿ, ಎಬಿ, ಓ ಎಂಬ ಗುಂಪುಗಳು. ಈ ಮನುಷ್ಯನಿಗೆ ಬೇಕಿದ್ದ ಗುಂಪು ಅದರಲ್ಲಿ ಇರಲಿಲ್ಲ. ದೇವರ ಹೆಸರಿನಲ್ಲಿ ಇಂಥ ಕಳ್ಳ ಪ್ರಶ್ನೆ ಕೇಳುವುದಕ್ಕೆ ನಾಚಿಕೆಯಾಗುವುದಿಲ್ಲವೇ ಎಂದು ಈಗ ಕೇಳುತ್ತೇನೆ. ಆಗ ಸೀರೆಯ ಸೆರಗು ಸರಿಮಾಡಿಕೊಂಡು ಕೂತಿದ್ದೆ.

"ಬ್ಲಡ್ ತೆಗಿಯೋದು ಚೆನ್ನಾಗಿ ಬರುತ್ತಾ?"

"ಏನೋ ಬರುತ್ತೆ ಸರ್."

"ಮೈಕ್ರೋಸ್ಕೋಪು?"

"ಏನೋ ನೋಡ್ತೀನಿ ಸರ್."

ಅವರು ಪಕ್ಕದಲ್ಲಿದ್ದವರ ಕಡೆ ತಿರುಗಿ ನಕ್ಕರು. ಪಕ್ಕದವರೂ ನಕ್ಕರು. ನನಗಿಂತ ಮೊದಲು ಒಳಗೆ ಹೋಗಿದ್ದ ಹುಡುಗನಿಗೆ ಕೆಲಸ ಸಿಕ್ಕಿತು. ಕೋರ್ಸಿನಲ್ಲಿ ಅವನು ನನ್ನ ಜೊತೆಯವನೇ. ಸೂಜಿ ಹಿಡಿದರೆ ಸಾಕು, ರೋಗಿಗಿಂತ ಮೊದಲು ಅವನೇ ಬೆವರುತ್ತಿದ್ದ. "ಏನಂತ ಹೇಳ್ದೆ?" ಎಂದು ಕೇಳಿದ್ದಕ್ಕೆ, "ಎಕ್ಸಲೆಂಟ್ ಅಂದೆ" ಎಂದ. ಅಷ್ಟು ಸುಲಭ! ಗೂಡೇ ಕಟ್ಟದ ಹುಳವನ್ನು ತೂಕಕ್ಕಿಟ್ಟು ಬಂದಿದ್ದ.

ನನ್ನ ಗೆಳತಿ ಸುಮಾಗೆ ಇದನ್ನೆಲ್ಲ ಹೇಳಿದೆ. ಅವಳು ಎಲ್ಲೋ ಇಂಟರ್‌ವ್ಯೂ ಕೋಚಿಂಗ್ ಮಾಡಿಕೊಂಡು ಬಂದವಳು. "ನೀನು ಯಾವ ಕಾಲದಲ್ಲಿದೀಯ ಕಣೇ? ಸ್ಟ್ರೆಂತ್ ಏನು ಅಂದ್ರೆ ಹಾರ್ಡ್‌ವರ್ಕ್ ಅನ್ನು. ವೀಕ್‌ನೆಸ್ ಏನು ಅಂದ್ರೆ, ಕೆಲಸ ಪೂರ್ತಿ ಮುಗಿಯೋವರ್ಗೂ ನಂಗೆ ಊಟ ಸೇರಲ್ಲ ಸರ್ ಅನ್ನು."

"ಅದು ವೀಕ್‌ನೆಸ್ಸಾ? ಅದೂ ಹೊಗಳಿಕೊಂಡ ಹಾಗೇ ಆಗ್ಲಿಲ್ವಾ?"

"ಅದೇ ಕಣೇ ಟ್ರಿಕ್ಕು!"

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ದೌರ್ಬಲ್ಯ ಏನು ಎಂದು ಕೇಳುವುದು, ಇದ್ದದ್ದನ್ನು ಹೇಳಿದರೆ ಮನೆಗೆ ಕಳಿಸುವುದು, ಸುಳ್ಳು ಹೇಳಿದರೆ ಜಾಣೆ ಎಂದು ಕೆಲಸ ಕೊಡುವುದು. ಹೇಳುವವಳ ಮಾತು ಸುಳ್ಳೆಂದು ಕೇಳುವವರಿಗೆ ಗೊತ್ತು, ಅವರಿಗೆ ಗೊತ್ತೆಂದು ಹೇಳುವವಳಿಗೂ ಗೊತ್ತು. ಇದಕ್ಕಾಗಿ ಒಂದು ಕೋಚಿಂಗು, ಅದಕ್ಕೊಂದು ಫೀಸು. ಇಂಥವರು ನಮ್ಮಮ್ಮ ಮತ್ತು ಗೌರಮ್ಮನ ಮಾತು ಕೇಳಿ ಹಳ್ಳಿಗಮಾರರು ಎನ್ನುತ್ತಾರಲ್ಲ, ಅದಕ್ಕೇನು ಹೇಳೋಣ!

ಆದರೂ ಕೆಲಸ ಬೇಕಲ್ಲ, ಕನ್ನಡಿಯ ಮುಂದೆ ನಿಂತು ಹಾರ್ಡ್‌ವರ್ಕ್ ಹಾರ್ಡ್‌ವರ್ಕ್ ಎಂದು ಬಾಯಿಪಾಠ ಮಾಡಿಕೊಂಡು ಗೌರಿಬಿದನೂರಿಗೆ ಹೋದೆ. ಬಸ್ಸು ಮಂಚೇನಹಳ್ಳಿಯಲ್ಲಿ ನಿಂತಾಗ ಕಡಲೆಕಾಯಿ ಮಾರುವವನು ಕಿಟಕಿಗೆ ಬಂದು, "ಬೇಕೇನಕ್ಕಾ?" ಎಂದರೆ ಅವನಿಗೂ ಹಾರ್ಡ್‌ವರ್ಕ್ ಎಂದುಬಿಡುವಷ್ಟು ಬಾಯಿಗೆ ಬಂದಿತ್ತು. ಅಲ್ಲಿ ಪ್ರಶ್ನೆ ಕೇಳಿದವರು ಒಬ್ಬ ಹೆಂಗಸು. ಹೆಂಗಸಲ್ಲವೇ, ನಮ್ಮ ಕಷ್ಟ ಅರಿತವರು ಎಂದು ಸ್ವಲ್ಪ ಸಮಾಧಾನಪಟ್ಟೆ. ಅವರು ಹಾರ್ಡ್‌ವರ್ಕಿನ ಮಾತೇ ಎತ್ತಲಿಲ್ಲ.

"ಇನ್ನು ಐದು ವರ್ಷಕ್ಕೆ ಎಲ್ಲಿರ್ತೀಯಾ?"

ನಮ್ಮ ಮನೆಯಲ್ಲಿ ಮುಂದಿನ ಬೆಳೆಯಿಂದಾಚೆಗೆ ಯಾರೂ ಯಾವತ್ತೂ ಮಾತಾಡಿದವರಲ್ಲ. ಯುಗಾದಿಗೆ ಬಟ್ಟೆ ತೆಗೆಯೋಣವೇ ಎಂದರೂ "ಈ ಸಲದ್ದು ಗೂಡಾಗ್ಲಿ ನೋಡಣ" ಎನ್ನುವ ಅಪ್ಪ. ಐದು ವರ್ಷ ಎಂದರೆ ಎಷ್ಟು ಬೆಳೆ! "ದೇವರಿಟ್ಟ ಹಾಗೆ ಮೇಡಂ" ಎಂದೆ. ಅವರು ಪೆನ್ನು ಮುಚ್ಚಿಟ್ಟರು.

"ಮದುವೆ ಆದ್ರೆ ಕೆಲಸ ಬಿಡ್ತೀಯಾ?"

"ಇಲ್ಲ ಮೇಡಂ."

"ಗಂಡ ಬಿಡು ಅಂದ್ರೆ?"

"ಬಿಡಲ್ಲ ಮೇಡಂ."

"ಹಾಗಾದ್ರೆ ಅಡ್ಜಸ್ಟ್ ಮಾಡ್ಕೊಳ್ಳೋ ಸ್ವಭಾವ ಇಲ್ಲ ನಿಂಗೆ."

ಬಿಡುತ್ತೇನೆ ಎಂದಿದ್ದರೆ ಎರಡು ದಿನಕ್ಕೆ ಓಡಿಹೋಗುವವಳು. ಬಿಡುವುದಿಲ್ಲ ಎಂದರೆ ಗಂಡನಿಗೇ ಬಗ್ಗದ ಗಯ್ಯಾಳಿ. ಯಾವ ಕಡೆ ಕಾಲಿಟ್ಟರೂ ಬೀಳುವ ಹಾಗೆ ಹಳ್ಳ ತೋಡಿಟ್ಟು, ಬಿದ್ದವಳನ್ನು ನೋಡಿ ನಡೆಯಲು ಬರುವುದಿಲ್ಲ ಎನ್ನುವುದು ಯಾವ ನ್ಯಾಯ? ನನ್ನ ಮುಂಚೆ ಒಳಗೆ ಹೋಗಿದ್ದ ಹುಡುಗನನ್ನು ಏನು ಕೇಳಿದರು ಎಂದು ವಿಚಾರಿಸಿದೆ. ಕ್ರಿಕೆಟ್ ಆಡುತ್ತೀಯಾ ಎಂದು ಕೇಳಿದರಂತೆ. ಅವನಿಗೆ ಹೆಂಡತಿ ಬಂದು ಬ್ಯಾಟು ಕಿತ್ತುಕೊಂಡರೆ ಏನು ಮಾಡುತ್ತೀಯ ಎಂದು ಯಾಕೆ ಕೇಳಲಿಲ್ಲ? ಮಂಚೇನಹಳ್ಳಿ ದಾಟುವವರೆಗೂ ಬಸ್ಸಿನಲ್ಲಿ ಒಬ್ಬಳೇ ಆ ಮೇಡಂಗೆ ಉತ್ತರ ಕೊಡುತ್ತಾ ಬಂದೆ. ಎಂಥ ಚೆಂದದ ಉತ್ತರಗಳು! ಒಂದೂ ಆ ಕೋಣೆಯಲ್ಲಿ ಹುಟ್ಟಿರಲಿಲ್ಲ.

ಇದನ್ನೆಲ್ಲ ತಡೆದುಕೊಳ್ಳುತ್ತಿದ್ದೆ. ತಡೆಯಲಾಗದ್ದು ಆಮೇಲೆ ನಮ್ಮ ಹಿತ್ತಲಲ್ಲಿ ನಡೆಯಿತು. ಒಂದು ಬೆಳಿಗ್ಗೆ ನಾನು ಒಳಗೆ ತಲೆ ಬಾಚಿಕೊಳ್ಳುತ್ತಿದ್ದಾಗ ಗೌರಮ್ಮ ಗೋಡೆಯಾಚೆಯಿಂದ ಕೇಳಿದಳು: "ಮಂಜುಗೆ ಕೆಲ್ಸ ಸಿಕ್ತೇನಕ್ಕಾ?"

"ಏನ್ ಹೇಳ್ಲಿ ಗೌರಮ್ಮ," ಎಂದು ಅಮ್ಮ ಶುರುಮಾಡಿದಳು. "ಓದಿರೋದ್ರಾಗೆ ನಮ್ ಹುಡ್ಗಿ ಏನ್ ಕಮ್ಮಿ ಹೇಳು? ಚಿಕ್ಕಬಳ್ಳಾಪುರಕ್ಕೂ ಹೋಗ್ ಬಂದ್ಲು, ಗೌರಿಬಿದನೂರಿಗೂ ಹೋಗ್ ಬಂದ್ಲು. ಎಲ್ಲಾ ಕಡೆ ಶಿಫಾರಸು ಕೇಳ್ತಾರಂತೆ, ನಮಗ್ಯಾರವ್ರೆ? ಆ ಕೋರ್ಸೇ ಬ್ಯಾಡ ಅಂದೆ ನಾನು, ಇವ್ರು ಕೇಳ್ಲಿಲ್ಲ..."

ಬಾಚಣಿಗೆ ಕೂದಲಲ್ಲೇ ನಿಂತಿತು. ಮಾತು ಮುಗಿಯಲಿ ಎಂದು ಕಾದೆ. ಮುಗಿಯಲಿಲ್ಲ. ಕಾಲೇಜು, ಬಸ್ ಚಾರ್ಜು, ನನ್ನ ಜಾತಕ ಎಲ್ಲವೂ ಬಂದವು. ಆ ಉದ್ದದ ಉತ್ತರ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಕೊಳೆತ ಹುಳವನ್ನು ಮಕ್ಕರಿಯಲ್ಲಿ ತುಂಬಿ ತಿಪ್ಪೆಗೆ ಸುರಿದು ಬಂದ ದಿನ ಅಮ್ಮ ಆಡುತ್ತಿದ್ದ ಮಾತು ಅದು. ನಾನೇ ಆ ಸಲದ ಕೆಟ್ಟ ಬೆಳೆ. ಬೇರೆ ಯಾರು ಏನು ಕೇಳಿದರೂ ಆಗದ ನೋವು ಅವತ್ತು ಆಯಿತು. ನನಗೆ ಕೆಲಸ ಬೇಕಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ಅಮ್ಮ ಆ ಗೋಡೆಯ ಬಳಿ ನನ್ನ ಬಗ್ಗೆ ಇಷ್ಟು ಮಾತಾಡದಂತೆ ಆಗಬೇಕಿತ್ತು.

ಮೂರನೆಯದು ಚಿಂತಾಮಣಿಯ ಒಂದು ಸಣ್ಣ ನರ್ಸಿಂಗ್ ಹೋಮು. ವಯಸ್ಸಾದ ಡಾಕ್ಟರು, ಅವರ ಪಕ್ಕ ಮ್ಯಾನೇಜರು. ಡಾಕ್ಟರು ನನ್ನ ಕಾಗದಗಳನ್ನು ತಿರುವಿಹಾಕುತ್ತಿದ್ದರು. ಮಾತೆಲ್ಲ ಮ್ಯಾನೇಜರರದೇ.

"ನಿಮ್ಮನ್ನೇ ಯಾಕೆ ತಗೋಬೇಕು ನಾವು?"

ಇದೆಂಥ ಪ್ರಶ್ನೆ ನೀವೇ ಹೇಳಿ. ಆಳು ಬೇಕಾಗಿದೆ ಎಂದು ಬೋರ್ಡು ಹಾಕಿದವರು ಅವರು. ಸಂತೆಯಲ್ಲಿ ಹೀರೇಕಾಯಿ ಕೊಳ್ಳುವವರು ಉಗುರೊತ್ತಿ ನೋಡುತ್ತಾರೆ, ಎಳೆಯದೋ ಬಲಿತದ್ದೋ ತಿಳಿದುಕೊಳ್ಳುತ್ತಾರೆ. ನಿನ್ನನ್ನೇ ಯಾಕೆ ಕೊಳ್ಳಬೇಕು ಎಂದು ಹೀರೇಕಾಯಿಯನ್ನು ಕೇಳುತ್ತಾರೆಯೇ? ನಾನು ಬಾಯಿ ತೆರೆಯುವ ಮುಂಚೆಯೇ ಅವರು ಇನ್ನೊಂದು ಎಸೆದರು.

"ಕೋರ್ಸ್ ಮುಗ್ಸಿ ಇಷ್ಟು ದಿನ ಆಯ್ತು. ನೀವು ಅಷ್ಟು ಚೆನ್ನಾಗಿದ್ರೆ ಯಾರೂ ಯಾಕೆ ತಗೊಂಡಿಲ್ಲ? ಏನು ನಿಮ್ಮ ವೀಕ್‌ನೆಸ್ಸು?"

ಸುಮಾ ಹೇಳಿಕೊಟ್ಟದ್ದು ನೆನಪಿತ್ತು. ಕೆಲಸ ಮುಗಿಯುವವರೆಗೆ ಊಟ ಸೇರುವುದಿಲ್ಲ ಎನ್ನಬೇಕು. ಆದರೆ ಹಿತ್ತಲಿನ ಗೋಡೆ ಕಣ್ಣ ಮುಂದೆ ಬಂತು, ಅಮ್ಮನ ಮುಗಿಯದ ಮಾತು ಕಿವಿಗೆ ಬಂತು. ಕನ್ನಡಕದವರ ನಗು, ಗೌರಿಬಿದನೂರಿನ ಮೇಡಂ ಮುಚ್ಚಿಟ್ಟ ಪೆನ್ನು, ಎಲ್ಲ ಸೇರಿ ನೆತ್ತಿಗೇರಿತು.

"ಹೇಳ್ತೀನಿ ಸರ್. ನಂಗೆ ಕೆಲಸ ಮಾಡಕ್ಕೆ ಬರುತ್ತೆ, ಚೆನ್ನಾಗಿ ಮಾಡ್ತೀನಿ ಅಂತ ಹೇಳ್ಕೊಳ್ಳಕ್ಕೆ ಬರಲ್ಲ. ಅದೇ ನನ್ನ ವೀಕ್‌ನೆಸ್ಸು. ನಾವು ಹುಳ ಸಾಕೋ ಜನ. ಗೂಡು ತೂಕಕ್ಕೆ ಹಾಕೋವರ್ಗೂ ಬೆಳೆ ಚೆನ್ನಾಗಿದೆ ಅಂತ ಬಾಯಿ ಬಿಡಲ್ಲ ನಾವು. ಎಲ್ಲಾ ಕಡೆ ಹೋದೆ, ದೇವ್ರು ಯಾವುದು ಅಂದ್ರು, ಗಂಡ ಏನಂತಾನೆ ಅಂದ್ರು, ಒಬ್ರಾದ್ರೂ ಒಂದು ಸೂಜಿ ಕೈಗೆ ಕೊಟ್ಟು ಚುಚ್ಚು ನೋಡಣ ಅನ್ಲಿಲ್ಲ. ಈಗ ನೀವೂ ಅನ್ನಲ್ಲ. ಆದ್ರೂ ಹೇಳಿಬಿಡ್ತೀನಿ, ನಾನು ಚೆನ್ನಾಗಿ ಮಾಡ್ತೀನಿ. ತುಂಬಾ ಚೆನ್ನಾಗಿ ಮಾಡ್ತೀನಿ."

ಹೇಳಿದ ಕೂಡಲೇ ಹೆದರಿಕೆಯಾಯಿತು. ಮ್ಯಾನೇಜರರದ್ದಲ್ಲ, ದೃಷ್ಟಿಯದು. ಮ್ಯಾನೇಜರು ಡಾಕ್ಟರ ಕಡೆ ಬಾಗಿ, "ಕೋಪಂ ಎಕ್ಕುವ ಸಾರ್ ಈ ಅಮ್ಮಾಯಿಕಿ" ಎಂದು ತೆಲುಗಿನಲ್ಲಿ ಹೇಳಿದರು. ಕೋಪ ಜಾಸ್ತಿಯಂತೆ ಈ ಹುಡುಗಿಗೆ! ನಮ್ಮ ಕಡೆ ತೆಲುಗು ಯಾರಿಗೆ ಬರುವುದಿಲ್ಲ, ಗುಟ್ಟು ಹೇಳಲಿಕ್ಕೆ ಇವರಿಗೆ ಬೇರೆ ಭಾಷೆಯೇ ಸಿಗಲಿಲ್ಲವೇ? ನನ್ನ ಕಾಗದಗಳಿಗೆ ಕೈ ಚಾಚಿದೆ.

ಡಾಕ್ಟರು ಆಗ ಮೊದಲ ಸಲ ತಲೆಯೆತ್ತಿದರು. "ಕೋಪ ಇರ್ಲಿ ಬಿಡ್ರಿ. ಲ್ಯಾಬ್‌ನೋನು ನಿನ್ನೆಯಿಂದ ಬಂದಿಲ್ಲ, ಫೋನೂ ಎತ್ತಲ್ಲ. ಹೊರಗೆ ಶುಗರ್ ಟೆಸ್ಟಿಗೆ ಜನ ಬೆಳಿಗ್ಗೆಯಿಂದ ಹೊಟ್ಟೆಗಿಲ್ದೆ ಕೂತವ್ರೆ. ಏನಮ್ಮ, ಈಗ್ಲೇ ಶುರು ಮಾಡ್ತೀಯಾ?"

ನನಗೆ ಆಗಲೂ ಸಿಟ್ಟೇ ಬಂದದ್ದು. ಮೂರೂರು ಅಲೆದು, ಕನ್ನಡಿಯ ಮುಂದೆ ಪಾಠ ಒಪ್ಪಿಸಿ, ಉತ್ತರಕ್ಕಾಗಿ ತಲೆ ಕೆಡಿಸಿಕೊಂಡದ್ದೆಲ್ಲ ಯಾತಕ್ಕೆ? ಕೊನೆಗೆ ಕೆಲಸ ಸಿಕ್ಕಿದ್ದು ನನ್ನ ಯಾವ ಉತ್ತರಕ್ಕೂ ಅಲ್ಲ, ಯಾವನೋ ಹೇಳದೆ ಕೇಳದೆ ಓಡಿಹೋದದ್ದಕ್ಕೆ. ಹಾಗಿದ್ದ ಮೇಲೆ ನನ್ನ ವೀಕ್‌ನೆಸ್ಸು ಕಟ್ಟಿಕೊಂಡು ಇವರಿಗೆ ಏನಾಗಬೇಕಿತ್ತು? ಆದರೂ ಕೈ ತೊಳೆದುಕೊಂಡೆ.

ಬೆಂಚಿನ ಮೇಲೆ ಮೊದಲು ಕೂತಿದ್ದವರು ಅಂಬಾಜಿದುರ್ಗದ ಕಡೆಯ ಒಬ್ಬ ತಾತ. ಕೈ ಒಣಗಿದ ಕಡ್ಡಿಯಂತಿತ್ತು, ನರ ಎಲ್ಲೋ ಅಡಗಿ ಕೂತಿತ್ತು. ಹಿಂದಿನ ಸಲ ಯಾರೋ ತಡಕಾಡಿ ಚುಚ್ಚಿದ ನೀಲಿ ಗುರುತು ಇನ್ನೂ ಮಾಸಿರಲಿಲ್ಲ. ನನ್ನ ಮುಖ ನೋಡಿ ಅನುಮಾನದಿಂದ ತೋಳು ಹಿಂದಕ್ಕೆಳೆದುಕೊಂಡರು.

"ಹೊಸಬ್ಳಾ ನೀನು? ಚುಚ್ಚಕ್ಕೆ ನೆಟ್ಟಗೆ ಬರ್ತದೇನಮ್ಮ?"

ಒಳಗೆ ಅಷ್ಟೆಲ್ಲ ಕೂಗಾಡಿ ಬಂದವಳು ನಾನು. ಆದರೂ ಬಾಯಿಗೆ ಬಂದದ್ದು ಹಳೆಯದೇ.

"ಏನೋ ಬರ್ತದೆ ತಾತ."

ತಾತ ನನ್ನನ್ನೊಮ್ಮೆ ನೋಡಿದರು. "ಹಂಗಾದ್ರೆ ಚುಚ್ಚು" ಎಂದು ತೋಳು ಮುಂದಕ್ಕೆ ಚಾಚಿ, ಮುಖವನ್ನೂ ತಿರುಗಿಸದೆ ಕೂತರು. ರಬ್ಬರ್ ಪಟ್ಟಿ ಬಿಗಿದೆ, ಬೆರಳಿಟ್ಟು ಹುಡುಕಿದೆ, ಸಿಕ್ಕಿತು. "ಆಯ್ತಾ?" ಎಂದರು. "ಆಯ್ತು ತಾತ, ಕಾಫಿ ಕುಡೀರಿ ಹೋಗಿ" ಎಂದೆ. ಅಷ್ಟೂ ಇಂಟರ್‌ವ್ಯೂಗಳಲ್ಲಿ ನನಗೆ ನೆಟ್ಟಗೆ ಪ್ರಶ್ನೆ ಕೇಳಿ, ನೆಟ್ಟಗೆ ಉತ್ತರ ತಿಳಿದುಕೊಂಡ ಮನುಷ್ಯ ಅವರೊಬ್ಬರೇ.

ಸಂಜೆ ಮನೆಗೆ ಬಂದು ಎಲ್ಲ ಹೇಳಿದೆ. ಕೆಲಸ ಸಿಕ್ಕಿತೆಂದಾಗ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಆಡಿದ ಮಾತು ಕೇಳಿದಾಗ ಮಾತ್ರ ಕೂತಲ್ಲಿಂದ ಎದ್ದೇಬಿಟ್ಟಳು.

"ತುಂಬಾ ಚೆನ್ನಾಗ್ ಮಾಡ್ತೀನಿ ಅಂದ್ಯಾ? ಇಬ್ರು ಗಂಡಸ್ರ ಮುಂದೆ, ಬಾಯ್ಬಿಟ್ಟು? ನಿಂಗೆ ಬುದ್ಧಿ ನೆಟ್ಟಗೈತೇನೇ?"

"ಇಲ್ದಿದ್ರೆ ಕೆಲ್ಸ ಕೊಡಲ್ವಲ್ಲಮ್ಮ!"

"ಕೊಡ್ದಿದ್ರೆ ಹೋಗ್ಲಿ ಅನ್ಬೇಕು" ಎಂದು ಬೈಯುತ್ತಲೇ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನನಗೆ ನಿವಾಳಿಸಿದಳು. ಹುಳ ಇದ್ದ ಮನೆಯಲ್ಲಿ ಮೆಣಸಿನಕಾಯಿ ಸುಡುವಂತಿಲ್ಲವೆಂದು ಹಿತ್ತಲಿನ ಆಚೆ ಮೂಲೆಗೆ ಹೋಗಿ ಬೆಂಕಿ ಹಾಕಿ ಅದರೊಳಗೆ ಎಸೆದು ಬಂದಳು. ಘಾಟೇ ಬರಲಿಲ್ಲ ನೋಡು, ಎಷ್ಟು ದೃಷ್ಟಿಯಾಗಿತ್ತು ಎಂದು ಅದಕ್ಕೂ ಬೈದಳು. ಲೋಕದಲ್ಲಿ ನನ್ನನ್ನು ನಂಬುವವರು ಒಬ್ಬರೂ ಇಲ್ಲವೆಂದು ನಾನು ಮುಖ ಊದಿಸಿಕೊಂಡು ಮಲಗಿದೆ, ಮೊನ್ನೆ ನನ್ನ ಮಗಳು ಮಲಗಿದಳಲ್ಲ, ಹಾಗೆಯೇ.

ಮಾರನೆಯ ಬೆಳಿಗ್ಗೆ ಚಿಂತಾಮಣಿ ಬಸ್ಸಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದೆ. ಅಮ್ಮ ಹಿತ್ತಲಲ್ಲಿ ಹುಳಕ್ಕೆ ಸೊಪ್ಪು ಕತ್ತರಿಸುತ್ತಿದ್ದಳು. ಗೋಡೆಯಾಚೆಯಿಂದ ಗೌರಮ್ಮನ ಕತ್ತು ಮೇಲೆದ್ದಿತು.

"ಮಂಜುಗೆ ಕೆಲ್ಸ ಆಯ್ತಂತೆ, ಹೌದೇನಕ್ಕಾ? ಹೆಂಗೈತಂತೆ?"

ಬಾಚಣಿಗೆ ಹಿಡಿದ ಕೈ ನಿಂತಿತು. ಹಿತ್ತಲಲ್ಲಿ ಸೊಪ್ಪು ಕತ್ತರಿಸುವ ಸದ್ದೂ ನಿಂತಿತು. ಎಲ್ಲಿ ಶುರುಮಾಡಿಬಿಡುತ್ತಾಳೋ ಎಂದು ನಾನು ಕಿವಿಗೊಟ್ಟೆ.

"ಏನೋ ಐತೆ ಕಣಮ್ಮ" ಎಂದಳು ಅಮ್ಮ.

ಮತ್ತೆ ಸೊಪ್ಪು ಕತ್ತರಿಸುವ ಸದ್ದು ಕೇಳಿಸಿತು. ಗೌರಮ್ಮ ಇನ್ನೊಂದು ಮಾತೂ ಕೇಳದೆ ಒಳಗೆ ಹೋದಳು.